ಸಮುದ್ರದ ಗಾಳಿಗೆ ಯಾವ ಗಿಡ ತಾಳುತ್ತದೆ?

ಮನೆ ಸಮುದ್ರದ ಪಕ್ಕದಲ್ಲೇ ಇದೆ, ಗುಲಾಬಿ ಸೇವಂತಿಗೆ ನೆಟ್ಟರೆ ಗಾಳಿ ಬರುವ ಕಡೆಯ ಎಲೆಗಳೆಲ್ಲ ಸುಟ್ಟ ಹಾಗೆ ಆಗುತ್ತವೆ, ಬೇರೆ ಯಾವ ಗಿಡ ತಾಳುತ್ತದೆ ಎಂದು ಕೇಳಿದ್ದೀರಿ. ಹೂವಿನ ಗಿಡದ ಯೋಚನೆ ಸದ್ಯಕ್ಕೆ ಬಿಡಿ. ಮೊದಲು ಗಾಳಿಗೆ ಎದುರು ನಿಲ್ಲುವ ಒಂದು ಸಾಲು ಎಬ್ಬಿಸಿ.

ಬರೀ ಗಾಳಿಯಾದರೆ ಗಿಡ ಹೇಗೋ ಸುಧಾರಿಸಿಕೊಳ್ಳುತ್ತದೆ. ಇಲ್ಲಿ ಗಾಳಿ ಮತ್ತು ಅದು ತರುವ ಮರಳು ಎಲೆಯನ್ನು ಉಜ್ಜಿ ಗೀರುತ್ತವೆ, ಆ ಗೀರಿನಿಂದ ಉಪ್ಪುನೀರಿನ ಹನಿ ಒಳಗೆ ಇಳಿಯುತ್ತದೆ, ಆಮೇಲೆ ತುದಿ ಮತ್ತು ಅಂಚು ಕಂದಾಗುತ್ತವೆ. ಹಾಗಾಗಿ ನರ್ಸರಿಯಲ್ಲಿ ಹೂವಿಗಿಂತ ಮೊದಲು ಎಲೆ ಮುಟ್ಟಿ ನೋಡಿ. ದಪ್ಪ, ಮೇಣ ಸವರಿದಂಥ ಹೊಳಪು, ಇಲ್ಲವೇ ಸಣ್ಣ ರೋಮ ಇರುವ ಎಲೆ ಒಳ್ಳೆಯದು. ತೆಳ್ಳಗೆ ಅಗಲವಾದದ್ದು ಬೇಡ.

ಮುಂದಿನ ಸಾಲಿಗೆ ನನ್ನ ಮೊದಲ ಆಯ್ಕೆ ಸುರಹೊನ್ನೆ. ನಿಧಾನವಾಗಿ ಬೆಳೆಯುತ್ತದೆ ನಿಜ, ಆದರೆ ಅದರ ಗಟ್ಟಿ ಎಲೆಗೆ ಉಪ್ಪುಗಾಳಿ ಲೆಕ್ಕಕ್ಕಿಲ್ಲ. ಹೊಂಗೆಯೂ ಆಗುತ್ತದೆ. ಕೇದಗೆ ಇನ್ನೂ ಗಟ್ಟಿ, ಆದರೆ ಎಲೆಯ ಅಂಚೆಲ್ಲ ಮುಳ್ಳು, ಓಡಾಡುವ ದಾರಿಯಿಂದ ದೂರ ಇಡಿ. ಗಾಳಿಮರ ಬೇಗ ಬೆಳೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಸಣ್ಣ ಅಂಗಳಕ್ಕೆ ನಾನು ಬೇಡ ಅಂತೀನಿ. ತುಂಬಾ ಎತ್ತರ ಹೋಗುತ್ತದೆ, ಉದುರಿದ ಕಡ್ಡಿಯ ಹಾಸಿನ ಕೆಳಗೆ ಬೇರೆ ಗಿಡ ಏಳುವುದೂ ಕಷ್ಟ.

ಇದರ ಬದಲು ಗೋಡೆ ಕಟ್ಟೋಣ ಅನ್ನಿಸಬಹುದು, ಅಲ್ವಾ? ಗೋಡೆಗೆ ಬಡಿದ ಗಾಳಿ ಮೇಲಿಂದ ಹಾರಿ ಆಚೆ ಸುಳಿಯಾಗಿ ಇಳಿಯುತ್ತದೆ, ಅದರಿಂದ ಇನ್ನೂ ತೊಂದರೆ. ಸುಮಾರು ಅರ್ಧದಷ್ಟು ಸಂದು ಇರುವ ಬೇಲಿ ಅಥವಾ ಗಿಡದ ಸಾಲು ಗಾಳಿಯನ್ನು ಸೋಸಿ ಬಿಡುತ್ತದೆ, ತನ್ನ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ಅದರ ಆಸರೆ ಸಿಗುತ್ತದೆ. 2 ಮೀಟರ್ ಸಾಲು ಇದ್ದರೆ 20 ಮೀಟರ್‌ವರೆಗೂ ಗಾಳಿ ಕಡಿಮೆ.

ಅದರ ಹಿಂದೆ ಕಣಗಿಲೆ, ಕಾಗದದ ಹೂ, ನಿತ್ಯಪುಷ್ಪ ಹಾಕಿ. ಕಣಗಿಲೆ ಪೂರ್ತಿ ವಿಷ, ಮಕ್ಕಳು ದನಕರು ಇದ್ದರೆ ಅದನ್ನು ಬಿಟ್ಟುಬಿಡಿ.

ದೊಡ್ಡ ಗಿಡ ತಂದು ನೆಡಬೇಡಿ. ಚಿಕ್ಕ ಸಸಿ ಗಾಳಿಗೆ ಅಲುಗುವುದು ಕಡಿಮೆ, ಬೇರೂ ಚೆನ್ನಾಗಿ ಹಿಡಿಯುತ್ತದೆ. ಮಳೆ ಶುರುವಾಗುವಾಗ ನೆಡಿ, ಮರಳು ಮಣ್ಣಿಗೆ ಕಾಂಪೋಸ್ಟ್ ಸೇರಿಸಿ, ಬುಡಕ್ಕೆ ತರಗೆಲೆ ಮುಚ್ಚಿ. ಯೂರಿಯಾ ಜಾಸ್ತಿ ಹಾಕಿದರೆ ಮೆತ್ತನೆಯ ಚಿಗುರು ಬರುತ್ತದೆ, ಮೊದಲು ಸುಡುವುದೂ ಅದೇ.

ಜೋರು ಬಿರುಗಾಳಿ ಬೀಸಿ ಮಳೆ ಬರದೇ ಹೋದರೆ ಆದಷ್ಟು ಬೇಗ ಎಲೆಗಳನ್ನು ಸಿಹಿನೀರಿನಲ್ಲಿ ತೊಳೆಯಿರಿ. ಎಲೆಯೆಲ್ಲ ಉದುರಿತು ಅಂತ ತಕ್ಷಣ ಕಿತ್ತು ಹಾಕಬೇಡಿ. ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ, ಕೆಲವು ವಾರ ಕಾಯಿರಿ.