ಪ್ರತಿಕ್ರಿಯೆ: ವಿಲ್ಲಾ ನೆಕ್ಕಿಯಲ್ಲಿ ಎರಡು ಶೈಲಿ ಯಾಕೆ?

ಬೇರೆ ಬೇರೆ ಶೈಲಿಯ ಒಳಾಂಗಣದ ಎರಡು ಫೋಟೊ ಹಾಕಿ, ಎರಡೂ ಒಂದೇ ಮನೆಯದಾ ಅಂತ ಕೇಳಿದ್ದೀರಿ. ಎರಡೂ ಇಟಲಿಯ ಮಿಲಾನ್‌ನಲ್ಲಿ ಈಗ ಮ್ಯೂಸಿಯಂ ಆಗಿರುವ ವಿಲ್ಲಾ ನೆಕ್ಕಿ ಕಾಂಪೀಲ್ಯೊ ಅನ್ನೋ ಮನೆಯವೇ. ಗೊಂದಲಕ್ಕೆ ಕಾರಣ, ಅಲ್ಲಿ ಇಬ್ಬರ ಕೈ ಬಿದ್ದಿದೆ. ಹೊಲಿಗೆ ಯಂತ್ರ ತಯಾರಿಸುತ್ತಿದ್ದ ನೆಕ್ಕಿ ಕುಟುಂಬಕ್ಕೆ 1932-35ರಲ್ಲಿ ಕಟ್ಟಿಕೊಟ್ಟವರು ವಾಸ್ತುಶಿಲ್ಪಿ ಪಿಯೆರೊ ಪೋರ್ತಲುಪ್ಪಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನೊಬ್ಬ ವಾಸ್ತುಶಿಲ್ಪಿ ತೊಮಾಸೊ ಬುತ್ಸಿ ಹಳೇ ಫ್ರೆಂಚ್ ಅರಮನೆಯ ಧಾಟಿಯಲ್ಲಿ ಒಳಾಂಗಣ ಬದಲಿಸಿದರು.

ಹೋದಾಗ ಮೊದಲು ವೆರಾಂಡಾ ನೋಡಿ. ಎರಡು ಗಾಜಿನ ನಡುವೆ ಗಿಡಗಳು, ಗೋಡೆಯೊಳಗೆ ಸರಿದು ಮಾಯವಾಗುವ ಬಾಗಿಲು. ಆಮೇಲೆ ಲೈಬ್ರರಿಯಲ್ಲಿ ತಲೆ ಎತ್ತಿ, ಚಾವಣಿ ತುಂಬ ವಜ್ರಾಕಾರದ ಗೆರೆಗಳು. ಇವೆಲ್ಲ ಪೋರ್ತಲುಪ್ಪಿ ಕೆಲಸ, ನನಗಂತೂ ಇದೇ ಜಾಸ್ತಿ ಇಷ್ಟ. ಕೊನೆಗೆ ಬಳುಕು ಕಾಲಿನ ಕುರ್ಚಿ, ಭಾರದ ಪರದೆ ಕಂಡಲ್ಲಿ ಬುತ್ಸಿ ಅಂದುಕೊಳ್ಳಿ. ನಿಮ್ಮ ಎರಡನೇ ಫೋಟೊ ಮಸುಕಾಗಿದೆ, ಆದರೂ ಅದು ಬುತ್ಸಿ ಕೆಲಸವೇ ಇರಬೇಕು. ಪಲೆಸ್ತ್ರೊ ಮೆಟ್ರೊದಲ್ಲಿ ಇಳಿದು ನಡೆದೇ ಹೋಗಬಹುದು.