ಹೊಸ ಆವೃತ್ತಿಯಲ್ಲಿ ನಾಯಕಿ ಹಳೆಯ ಜಗಳ ಮರೆತಿದ್ದೇಕೆ?

ಕಂತುಕಂತಾಗಿ ಬರುವ ವಯಸ್ಕರ ಕಥಾ ಆಟವೊಂದರ ಹೊಸ ಆವೃತ್ತಿಯಲ್ಲಿ ಹಳೆಯ ಸೇವ್ (ಆಟವನ್ನು ನಿಲ್ಲಿಸಿದ ಹಂತದ ದಾಖಲೆ) ತೆರೆದರೆ ನಾಯಕಿ ಮೂರನೆಯ ಅಧ್ಯಾಯದ ಜಗಳವನ್ನೇ ಮರೆತಂತೆ ಮಾತನಾಡುತ್ತಾಳೆ ಎಂದಿದ್ದೀರಿ. ಕರ್ತೃ ಆ ದೃಶ್ಯವನ್ನು ತಿದ್ದಿ ಹೊಸ ಆಯ್ಕೆಯೊಂದನ್ನು ಸೇರಿಸಿರುವ ಸಂಭವವೇ ಹೆಚ್ಚು. ಇಂಥ ಕಥಾ ಆಟಗಳನ್ನು ರಚಿಸುವ ರೆನ್‌ಪೈ ಎಂಬ ತಂತ್ರಾಂಶದಲ್ಲಿ ರಚಿಸಿದ ಆಟವಾದರೆ, ಹಳೆಯ ಸೇವ್‌ನಲ್ಲಿ ಆ ಆಯ್ಕೆಯ ದಾಖಲೆ ಇಲ್ಲದಿದ್ದಾಗ ಆಟ ಸಾಮಾನ್ಯವಾಗಿ ಕರ್ತೃ ಮೊದಲೇ ನಿಗದಿಪಡಿಸಿದ ಉತ್ತರವನ್ನು ಹಿಡಿದು ಮುಂದೆ ಸಾಗುತ್ತದೆ.

ಮೊದಲು ಆಟದ ಗೇಮ್ ಫೋಲ್ಡರಿನೊಳಗಿನ ಸೇವ್ಸ್ ಫೋಲ್ಡರನ್ನೂ, ವಿಂಡೋಸ್‌ನ ಆಪ್‌ಡೇಟಾ ರೋಮಿಂಗ್‌ನಲ್ಲಿರುವ ರೆನ್‌ಪೈ ಫೋಲ್ಡರನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಹುಬ್ಬಳ್ಳಿಯ ನಿಮ್ಮ ಕೋಣೆಯಲ್ಲಿ ಮೂವರು ಗೆಳೆಯರೂ ಒಂದೇ ಕಂಪ್ಯೂಟರ್ ಲಾಗಿನ್‌ನಲ್ಲಿ ಆಡುವುದರಿಂದ ನೀವು ತೆರೆದದ್ದು ಗೆಳೆಯನ ಸೇವ್ ಆಗಿರಲೂಬಹುದು. ದಿನಾಂಕ ನೋಡಿ ಖಚಿತಪಡಿಸಿಕೊಳ್ಳಿ. (ವಯಸ್ಕರ ಆಟಕ್ಕೆ ಪ್ರತ್ಯೇಕ ಲಾಗಿನ್ ಇಟ್ಟುಕೊಳ್ಳುವುದು ಹೇಗೂ ಒಳ್ಳೆಯದು.)

ಬಳಿಕ ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಹಾಕದೆ ಬೇರೆ ಫೋಲ್ಡರಿನಲ್ಲಿ ಬಿಚ್ಚಿ, ಮೂರನೆಯ ಅಧ್ಯಾಯಕ್ಕಿಂತ ಹಿಂದಿನ ಸೇವ್ ತೆರೆದು, ಟ್ಯಾಬ್ ಕೀಲಿ ಒತ್ತಿ ಸ್ಕಿಪ್ ಮಾಡಿ, ಅಂದರೆ ಪಠ್ಯವನ್ನು ವೇಗವಾಗಿ ದಾಟಿಸಿ. ಓದದ ಪಠ್ಯವನ್ನೂ ದಾಟಿಸುವ ಆಯ್ಕೆಯನ್ನು ಆಫ್ ಮಾಡಿಟ್ಟರೆ, ತಿದ್ದಿದ ಮಾತು ಎದುರಾದಲ್ಲಿ ಸ್ಕಿಪ್ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಅಲ್ಲಿಂದ ನಿಧಾನವಾಗಿ ಓದಿ ಆಯ್ಕೆ ಮಾಡಿ. ಅಷ್ಟು ಹಿಂದಿನ ಸೇವ್ ಇಲ್ಲದಿದ್ದರೆ ಆರಂಭದಿಂದ ಇದೇ ರೀತಿ ಬನ್ನಿ.

ಇದು ಆಟದ ದೌರ್ಬಲ್ಯವೇ ಎಂದು ಕೇಳಿದ್ದೀರಿ. ಹೌದು, ಆದರೆ ಕಂತುಕಂತಾಗಿ ಬರುವ ಕಥೆಯಲ್ಲಿ ಮೊದಲ ಅಧ್ಯಾಯಗಳ ಒರಟು ಸಂಭಾಷಣೆ ಸುಧಾರಿಸುವುದೂ ಇಂಥ ತಿದ್ದುಪಡಿಯಿಂದಲೇ ಆದ್ದರಿಂದ ನಾನದನ್ನು ಸಹಿಸುತ್ತೇನೆ. ಮುಂದೆ ಪ್ರತಿ ಅಧ್ಯಾಯದ ಆರಂಭದಲ್ಲಿ ಒಂದು ಸೇವ್ ಉಳಿಸಿಕೊಳ್ಳಿ.