ಟಿಲ್ಸಿಟ್ ಒಪ್ಪಂದ: ಮೂರು ಕಾಗದಗಳಲ್ಲಿ ನೀವು ಓದಿದ್ದು ಯಾವುದು?

ಪ್ರಶ್ನೆ: ಫ್ರಾನ್ಸ್ ಮತ್ತು ರಷ್ಯಾ ನಡುವಿನ 1807ರ ಟಿಲ್ಸಿಟ್ ಒಪ್ಪಂದವನ್ನು ಪೂರ್ತಿ ಓದಿದೆ. ಬ್ರಿಟನ್ ವಿರುದ್ಧ ರಷ್ಯಾ ಫ್ರಾನ್ಸ್ ಜೊತೆ ನಿಲ್ಲುತ್ತದೆ ಎಂಬ ಮಾತು ಎಲ್ಲೂ ಇಲ್ಲ. ಪಠ್ಯಪುಸ್ತಕದವರು ಸುಳ್ಳು ಬರೆದರೇ?

ಸುಳ್ಳಲ್ಲ. ನೀವು ಓದಿದ್ದು ಮೂರರಲ್ಲಿ ಒಂದನ್ನು ಮಾತ್ರ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಒಮ್ಮೆ ವಿವರವಾಗಿಯೇ ಹೇಳುತ್ತೇನೆ.

ಜುಲೈ 7ರಂದು ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ ಮತ್ತು ರಷ್ಯಾದ ಸಾರ್ (ಚಕ್ರವರ್ತಿ) ಅಲೆಕ್ಸಾಂಡರ್ ಪರವಾಗಿ ಸಹಿಯಾದದ್ದು ಬಹಿರಂಗ ಶಾಂತಿ ಒಪ್ಪಂದ, ಅದಕ್ಕೆ ಅಂಟಿದ ಗುಪ್ತ ವಿಧಿಗಳು ಮತ್ತು ಪ್ರತ್ಯೇಕವಾದ ಗುಪ್ತ ಮೈತ್ರಿ ಒಪ್ಪಂದ. ಜರ್ಮನ್ ರಾಜ್ಯವಾದ ಪ್ರಷ್ಯಾದ ಜೊತೆ ಫ್ರಾನ್ಸ್ ಮಾಡಿಕೊಂಡ ಒಪ್ಪಂದ ಇವುಗಳಿಗೆ ಸೇರಿದ್ದಲ್ಲ. ಅದಕ್ಕೆ ಸಹಿ ಬಿದ್ದದ್ದು ಜುಲೈ 9ರಂದು.

ಬಹಿರಂಗ ಒಪ್ಪಂದದ 13ನೇ ವಿಧಿ ನೋಡಿ. ಅಲ್ಲಿ ರಷ್ಯಾ ಬ್ರಿಟನ್–ಫ್ರಾನ್ಸ್ ನಡುವೆ ಸಂಧಾನ ಮಾಡಿಸುವ ಮಧ್ಯಸ್ಥ, ಅಷ್ಟೆ. ಗುಪ್ತ ವಿಧಿಗಳಲ್ಲಿ ಏಡ್ರಿಯಾಟಿಕ್ ತೀರದ ಕಟ್ಟಾರೊ ಮತ್ತು ಗ್ರೀಸ್ ಬಳಿಯ ಅಯೋನಿಯನ್ ದ್ವೀಪಗಳು ಫ್ರಾನ್ಸ್ ಪಾಲಾದವು. ನೀವು ಹುಡುಕುತ್ತಿರುವ ಮಾತು ಇರುವುದು ಮೂರನೆಯದಾದ ಗುಪ್ತ ಮೈತ್ರಿ ಒಪ್ಪಂದದಲ್ಲಿ. ನವೆಂಬರ್ 1ರೊಳಗೆ ಬ್ರಿಟನ್ ಶಾಂತಿಗೆ ಒಪ್ಪದಿದ್ದರೆ ರಷ್ಯಾ ಎಚ್ಚರಿಕೆ ಪತ್ರ ಕೊಡಬೇಕು. ಡಿಸೆಂಬರ್ 1ರೊಳಗೆ ತೃಪ್ತಿಕರ ಉತ್ತರ ಬಾರದಿದ್ದರೆ ಅದರ ರಾಯಭಾರಿ ಲಂಡನ್ ಬಿಡಬೇಕು. ಆಮೇಲೆ ಡೆನ್ಮಾರ್ಕ್, ಸ್ವೀಡನ್, ಪೋರ್ಚುಗಲ್‌ಗಳು ಬ್ರಿಟಿಷರಿಗೆ ಬಂದರು ಮುಚ್ಚಬೇಕು. ಒಲ್ಲೆ ಎಂದವರನ್ನು ಶತ್ರುವೆಂದೇ ಎಣಿಸಬೇಕು.

ಇದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ತಿಂಗಳುಗಳನ್ನು ನೋಡಿದರೆ ಎಲ್ಲವೂ ತಾಳೆಯಾಗುತ್ತದೆ. ಬ್ರಿಟನ್ ಕಾಯುತ್ತ ಕೂರಲಿಲ್ಲ. ಸೆಪ್ಟೆಂಬರ್‌ನಲ್ಲೇ ಕೋಪನ್‌ಹೇಗನ್ ಮೇಲೆ ಬಾಂಬ್ ಸುರಿದು ಡೆನ್ಮಾರ್ಕಿನ ನೌಕಾಪಡೆಯನ್ನೇ ಎಳೆದೊಯ್ದಿತು. ನವೆಂಬರ್ ಕೊನೆಗೆ ಫ್ರೆಂಚ್ ಸೇನೆ ಲಿಸ್ಬನ್ ಹೊಕ್ಕಿತು. 1808ರ ಫೆಬ್ರವರಿಯಲ್ಲಿ ರಷ್ಯಾ ಸ್ವೀಡನ್ನಿನ ಫಿನ್‌ಲೆಂಡ್‌ಗೆ ನುಗ್ಗಿತು.

ಫ್ರಾನ್ಸ್–ರಷ್ಯಾ ಮೈತ್ರಿ ಮುಂದೆ ಮುರಿದದ್ದೇಕೆ ಎಂಬುದಕ್ಕೂ ವಿಧಿಗಳೇ ಸಾಕ್ಷಿ. ಬಹಿರಂಗ ಒಪ್ಪಂದದ 12ನೇ ವಿಧಿಯಲ್ಲಿ ಜರ್ಮನಿಯ ಓಲ್ಡನ್‌ಬರ್ಗ್ ಸಂಸ್ಥಾನವನ್ನು ಅದರ ಡ್ಯೂಕ್‌ಗೆ ಮರಳಿ ಕೊಡುವ ಮಾತಿತ್ತು; ಆ ಮನೆತನ ಸಾರ್‌ನ ಬಂಧು ಬಳಗ. 1810–11ರಲ್ಲಿ ನೆಪೋಲಿಯನ್ ಅದನ್ನೇ ನುಂಗಿದ. ಅತ್ತ ಮರ, ಸೆಣಬಿನ ನಾರು, ಅಗಸೆ ನಾರು, ಕೊಬ್ಬು ಕೊಳ್ಳುತ್ತಿದ್ದ ಬ್ರಿಟನ್ ಜೊತೆಗಿನ ವ್ಯಾಪಾರ ಕೈತಪ್ಪಿ ರಷ್ಯಾದ ಜಮೀನುದಾರರು ಕಂಗೆಟ್ಟಿದ್ದರು, ಕಾಗದದ ರೂಬಲ್ ಕುಸಿದಿತ್ತು. 1810ರ ಕೊನೆಗೆ ಸಾರ್ ತಟಸ್ಥ ದೇಶಗಳ ಹಡಗುಗಳಿಗೆ ಬಂದರು ತೆರೆದು, ಫ್ರಾನ್ಸಿನ ಐಷಾರಾಮಿ ಸರಕಿನ ಮೇಲೆ ಭಾರೀ ಸುಂಕ ಹೇರಿದ. ಇಷ್ಟೆಲ್ಲ ಬಿಟ್ಟು ‘ಇಬ್ಬರ ಅಹಂಕಾರವೇ ಕಾರಣ’ ಎಂದು ವಿಡಿಯೊ ಮಾಡಿ ಹಂಚುವವರು ಓದುಗರಿಗೆ ಮಾಡುತ್ತಿರುವುದು ಮೋಸ.

ಟಿಪ್ಪಣಿ ಮಾಡುವವರು ದಿನಾಂಕದಲ್ಲಿ ಎಡವಬೇಡಿ. ರಷ್ಯಾದ ಹಳೆ ಪಂಚಾಂಗ ಆಗ 12 ದಿನ ಹಿಂದಿತ್ತು. ನೇಮನ್ ನದಿಯ ತೆಪ್ಪದ ಮೇಲೆ ಇಬ್ಬರು ಚಕ್ರವರ್ತಿಗಳ ಮೊದಲ ಭೇಟಿ ನಮ್ಮ ಲೆಕ್ಕದಲ್ಲಿ ಜೂನ್ 25. ಒಪ್ಪಂದದ ಸಹಿ ರಷ್ಯಾದ ಲೆಕ್ಕದಲ್ಲಿ ಜೂನ್ 25. ಇವೆರಡನ್ನು ಒಂದೇ ದಿನವೆಂದು ಬರೆದ ಟಿಪ್ಪಣಿಯನ್ನು ನಂಬಲೇಬೇಡಿ.

ಪ್ರಶ್ನೆ: ತೆಪ್ಪದಡಿ ಬ್ರಿಟಿಷ್ ಗೂಢಚಾರ ಅಡಗಿದ್ದನಂತೆ?

ಕಟ್ಟುಕಥೆ. ‘ನಿಮ್ಮಷ್ಟೇ ನಾನೂ ಇಂಗ್ಲಿಷರನ್ನು ದ್ವೇಷಿಸುತ್ತೇನೆ’ ಎಂದು ಸಾರ್ ಮೊದಲಿಗೆ ಹೇಳಿದನೆಂಬುದನ್ನೂ ಪರೀಕ್ಷೆಯಲ್ಲಿ ಬರೆಯಬೇಡಿ. ತೆಪ್ಪದ ಮೇಲಿನ ಡೇರೆಯೊಳಗಿದ್ದವರು ನೆಪೋಲಿಯನ್ ಮತ್ತು ಸಾರ್ ಇಬ್ಬರೇ; ಕೇಳಿಸಿಕೊಂಡವರಿಲ್ಲ.

ಪ್ರಶ್ನೆ: ಪ್ರಷ್ಯಾದ ರಾಣಿ ಲೂಯಿಸಾ ನೆಪೋಲಿಯನ್‌ನನ್ನು ಬೇಡಿದ್ದರಿಂದ ಆ ರಾಜ್ಯ ಉಳಿಯಿತೇ?

ಇಲ್ಲ. ಆಕೆ ಕೇಳಿದ ಮಾಗ್ಡೆಬರ್ಗ್ ಕೋಟೆ ನಗರ ಕೂಡ ಸಿಗಲಿಲ್ಲ. ಪ್ರಷ್ಯಾ ಸುಮಾರು ಅರ್ಧ ರಾಜ್ಯ ಕಳೆದುಕೊಂಡಿತು.

ಪ್ರಶ್ನೆ: ಫ್ರಾನ್ಸ್, ರಷ್ಯಾ ಸೇರಿ ಭಾರತದ ಮೇಲೆ ದಂಡೆತ್ತಿ ಬರುವ ಷರತ್ತಿತ್ತೇ?

ಟಿಲ್ಸಿಟ್‌ನ ಕಾಗದಗಳಲ್ಲಿ ಅಂಥ ಷರತ್ತಿಲ್ಲ. ಆದರೆ ಇಲ್ಲಿನ ಬ್ರಿಟಿಷರಿಗೆ ಆ ಭಯವಂತೂ ನಿಜವಾಗಿಯೇ ಇತ್ತು. 1808ರಲ್ಲಿ ಗವರ್ನರ್ ಜನರಲ್ ಮಿಂಟೊ ಪರ್ಷಿಯಾಕ್ಕೆ ಮಾಲ್ಕಮ್, ಅಫ್ಘನ್ ದೊರೆಯ ಬಳಿಗೆ ಎಲ್ಫಿನ್‌ಸ್ಟನ್, ರಣಜಿತ್ ಸಿಂಗ್ ಬಳಿಗೆ ಮೆಟ್ಕಾಫ್ ಅವರನ್ನು ಅಟ್ಟಿದ್ದು ಅದಕ್ಕೇ. ಬ್ರಿಟಿಷರು ಮತ್ತು ರಣಜಿತ್ ಸಿಂಗ್ ನಡುವಿನ 1809ರ ಅಮೃತಸರ ಒಪ್ಪಂದ ಕುದುರಿದ್ದು ಈ ಮೆಟ್ಕಾಫ್ ಕೈಯಲ್ಲಿ.